ರಸ್ತೆಯ ಇನ್ನರ್ಧ

ಸೀಮೆಎಣ್ಣೆಯಲ್ಲಿ ತೊಳೆದು, ಆಮೇಲೆ ಬಟ್ಟೆ ಸೋಪಿನಲ್ಲಿ ಉಜ್ಜಿದ ಕೈಗೆ ಒಂದು ವಾಸನೆ ಇರುತ್ತದೆ.

ಅವಳಪ್ಪ ಮೆಕ್ಯಾನಿಕ್. ಸಂಜೆ ಮನೆಗೆ ಬಂದವನು ಬಚ್ಚಲಿನಲ್ಲಿ ಕೂತು ಗ್ರೀಸು ಬಿಡುವವರೆಗೂ ಕೈ ಉಜ್ಜುತ್ತಿದ್ದ. ಆಮೇಲೆ ಅದೇ ಕೈಯಿಂದ ಮಗಳ ಜಡೆ ಬಿಚ್ಚಿ ತಲೆ ಬಾಚುತ್ತಿದ್ದ. ಎಷ್ಟು ಉಜ್ಜಿದರೂ ಆ ವಾಸನೆ ಪೂರ್ತಿ ಹೋಗುತ್ತಿರಲಿಲ್ಲ. ಮಗಳಿಗೆ ಅದು ಹೋಗುವುದೂ ಬೇಕಿರಲಿಲ್ಲ.

ಅಪ್ಪ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, ಅರ್ಧ ದಾರಿಯ ಯಾರ್ಡಿನಲ್ಲಿ, ಅಪರಿಚಿತನೊಬ್ಬ ಅವಳ ಲಾರಿಯ ಬಾಗಿಲು ತಟ್ಟಿ ಟಾರ್ಚು ಚಾಚಿದಾಗ ಅದೇ ವಾಸನೆ ಬಂತು.

"ಟಾರ್ಚ್ ಹಿಡ್ಕೊಳ್ಳಿ. ನಿಮ್ಮ ಹಿಂದಿನ ಚಕ್ರದ ಹತ್ರ ಏನೋ ಜೋತಾಡ್ತಿದೆ."

ಅವಳಿಗೆ ರೇಗಿತು. ಕೆಲಸಕ್ಕೆ ಸೇರಿ ಅದು ಮೊದಲ ರಾತ್ರಿ. ಸ್ಟೇರಿಂಗ್ ಹಿಡಿದಾಗಿನಿಂದ ಕಂಡಕಂಡವರೆಲ್ಲ ಬುದ್ಧಿ ಹೇಳಿದ್ದರು.

"ನನಗೂ ಕಣ್ಣಿದೆ," ಎಂದಳು.

"ಇದೆ. ಆದ್ರೆ ಕಣ್ಣು ಮುಂದಿದೆ, ಚಕ್ರ ಹಿಂದಿದೆ." ಅವನು ನಗಲಿಲ್ಲ.

ಮುಖ ಗಂಟಿಕ್ಕಿಕೊಂಡೇ ಇಳಿದಳು. ಕೆಸರು ತಡೆಯುವ ರಬ್ಬರಿನ ಹಾಳೆ ಒಂದೇ ಬೋಲ್ಟಿನಲ್ಲಿ ನೇತಾಡುತ್ತಿತ್ತು. ಅವನು ಜೇಬಿನಿಂದ ತಂತಿಯ ತುಂಡು ತೆಗೆದುಕೊಟ್ಟ. ಅವಳು ಬಗ್ಗಿ ಕಟ್ಟಿದಳು. ಹೀಗೆ ಕಟ್ಟಿ, ಹಾಗೆ ಸುತ್ತಿ ಎಂದು ಅವನು ಒಂದು ಮಾತೂ ಆಡಲಿಲ್ಲ. ಬೆಳಕು ಮಾತ್ರ ಅವಳ ಕೈ ಹೋದಲ್ಲೆಲ್ಲ ಹೋಯಿತು.

ಹಿಂತಿರುಗುವಾಗ ದಾರಿಯುದ್ದಕ್ಕೂ ಅವಳಿಗೆ ಆ ಬೆಳಕಿನದೇ ನೆನಪು.

ಅವರ ಕೆಲಸವೇ ಒಂದು ವಿಚಿತ್ರ. ಸರಕು ಸಾಗಿಸುವ ಆ ಕಂಪನಿಗೆ ಎರಡು ಊರುಗಳಲ್ಲಿ ಡಿಪೋ. ಸಂಜೆ ಅವಳು ತನ್ನೂರಿನಿಂದ ಒಂದು ಟ್ರೇಲರ್ ಎಳೆದುಕೊಂಡು ಹೊರಡಬೇಕು, ಅವನು ತನ್ನೂರಿನಿಂದ ಇನ್ನೊಂದು. ನಡುದಾರಿಯ ಯಾರ್ಡಿನಲ್ಲಿ ಇಬ್ಬರೂ ತಂತಮ್ಮ ಟ್ರೇಲರ್ ಬಿಚ್ಚಿ, ಅದಲು ಬದಲು ಮಾಡಿ ಕಟ್ಟಿಕೊಂಡು, ಬಂದ ದಾರಿಯಲ್ಲೇ ವಾಪಸ್. ಬೆಳಗಾಗುವಷ್ಟರಲ್ಲಿ ಇಬ್ಬರೂ ಅವರವರ ಮನೆಯಲ್ಲಿ.

ದಿನಾ ರಾತ್ರಿ ಒಬ್ಬರ ಕಡೆಗೊಬ್ಬರು ಬರುತ್ತಿದ್ದರು. ದಿನಾ ರಾತ್ರಿ ಬೆನ್ನು ತಿರುಗಿಸಿ ಹೋಗುತ್ತಿದ್ದರು. ಆ ರಸ್ತೆಯ ಅವನ ಕಡೆಯ ಅರ್ಧವನ್ನು ಅವಳು ಕಂಡಿರಲಿಲ್ಲ, ಅವಳ ಕಡೆಯದನ್ನು ಅವನು ಕಂಡಿರಲಿಲ್ಲ.

ಡ್ರೈವರುಗಳು ಅವನನ್ನು ನಿಧಾನಪ್ಪ ಎನ್ನುತ್ತಿದ್ದರು. ಟ್ರೇಲರ್ ಕಟ್ಟಿದ ಮೇಲೆ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಅಡಿಗೆ ಬಗ್ಗಿ ಟಾರ್ಚಿನಲ್ಲಿ ಲಾಕ್ ನೋಡಿ, ಹತ್ತಿ ಕೂತು, ಬ್ರೇಕು ಹಿಡಿದ ಟ್ರೇಲರನ್ನು ಒಮ್ಮೆ ಮುಂದಕ್ಕೆ ಎಳೆದು ನೋಡದೆ ಅವನು ಹೊರಟಿದ್ದೇ ಇಲ್ಲ. ಕೊಂಡಿ ಸರಿಯಾಗಿ ಕೂತಿದ್ದರೆ ಟ್ರೇಲರ್ ಬಿಗಿಯಾಗಿ ನಿಲ್ಲುತ್ತದೆ, ಇಲ್ಲದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಎಲ್ಲರೂ ಮಾಡಬೇಕಾದದ್ದೇ. ಆದರೆ ಆತುರದಲ್ಲಿ ಯಾರು ಮಾಡುತ್ತಾರೆ?

ಅವಳ ಹೆಸರು ಗುಬ್ಬಿ. ಅಷ್ಟು ದೊಡ್ಡ ಗಾಡಿಯ ಕಿಟಕಿಯಲ್ಲಿ ತಲೆ ಮಾತ್ರ ಕಾಣುತ್ತದೆಂದು ಡಿಪೋದವರು ಇಟ್ಟದ್ದು. ಅವನೊಬ್ಬನೇ ಅದಕ್ಕೂ ಮರ್ಯಾದೆ ಸೇರಿಸಿ "ಗುಬ್ಬಿಯವರೇ" ಎಂದು ಕರೆಯುತ್ತಿದ್ದ. ಮೊದಲ ಸಲ ಕೇಳಿದಾಗ ಅವಳು ನಕ್ಕು ನಕ್ಕು ಚಹಾ ಚೆಲ್ಲಿಕೊಂಡಿದ್ದಳು.

ಇಬ್ಬರ ನಡುವೆ ಪ್ರೀತಿಯ ಮಾತು ಬಂದದ್ದೇ ಇಲ್ಲ. ಆದರೆ ಬಿಚ್ಚಿಟ್ಟ ಟ್ರೇಲರ್ ನಿಲ್ಲುವುದು ಎರಡು ಕಬ್ಬಿಣದ ಕಾಲುಗಳ ಮೇಲೆ. ಅದರ ಎತ್ತರ ಹೊಂದದಿದ್ದರೆ ಮುಂದಿನವರು ಹಿಡಿಕೆ ತಿರುಗಿಸಿ ತಿರುಗಿಸಿ ಸರಿ ಮಾಡಬೇಕು, ತೋಳು ಸೋತುಹೋಗುತ್ತದೆ. ಅವನು ತಂದ ಟ್ರೇಲರಿನ ಕಾಲುಗಳು ಮಾತ್ರ ಯಾವಾಗಲೂ ಅವಳ ಗಾಡಿಯ ಎತ್ತರಕ್ಕೇ ಇರುತ್ತಿದ್ದವು. ಒಂದು ದಿನವೂ ಅವಳಿಗೆ ಹಿಡಿಕೆ ಮುಟ್ಟುವ ಕೆಲಸ ಬರಲಿಲ್ಲ.

ಅವಳೂ ಸುಮ್ಮನಿರಲಿಲ್ಲ. ಅವನು ಕಟ್ಟಿಕೊಳ್ಳುವಾಗ ಬೆಳಕಿರಲೆಂದು ತನ್ನ ಟ್ರೇಲರನ್ನು ಯಾರ್ಡಿನ ಒಂದೇ ಒಂದು ಒಳ್ಳೆಯ ದೀಪದ ಕೆಳಗೆ ಬಿಟ್ಟು, ತಾನು ಕತ್ತಲಿರುವ ಮೂಲೆಗೆ ಹೋಗುತ್ತಿದ್ದಳು. ಗೇಟು ಕಾಯುವ ತಾತ ಇದನ್ನೆಲ್ಲ ನೋಡಿ, ಒಂದು ಫ್ಲಾಸ್ಕಿನ ಚಹಾವನ್ನು ಎರಡು ಲೋಟಕ್ಕೆ ಸುರಿದು, ತಾನು ರೇಡಿಯೋ ಕೇಳುವವನಂತೆ ಆಚೆ ತಿರುಗಿ ಕೂರುತ್ತಿದ್ದ.

ಹಾಗಿರುವಾಗ ಬಂತು ಆ ರಾತ್ರಿ...

ಅವನು ತಡವಾಗಿ ಬಂದ. ಟ್ರೇಲರ್ ಬಿಚ್ಚಿ ಕೆಳಗಿಳಿದವನು ಬಾಗಿಲಿಗೊರಗಿ ಹಾಗೇ ನಿಂತುಬಿಟ್ಟ. ತಾಯಿಗೆ ಉಸಿರಾಟದ ತೊಂದರೆಯಾಗಿ ಹಗಲೆಲ್ಲ ಆಸ್ಪತ್ರೆಯಲ್ಲಿ ಕಳೆದಿದ್ದ. ಈಗ ಪರವಾಗಿಲ್ಲ ಎಂದು ಡಾಕ್ಟರು ಹೇಳಿದ್ದಾರೆ, ಆದರೆ ತಾನು ಕಣ್ಣು ಮುಚ್ಚಿಲ್ಲ ಎಂದ.

"ತಾತನ ಬೆಂಚಿನ ಮೇಲೆ ಸ್ವಲ್ಪ ಮಲಗಿ," ಎಂದಳು ಗುಬ್ಬಿ. "ನಿಮ್ಮ ಗಾಡಿಗೆ ಟ್ರೇಲರ್ ನಾನು ಕಟ್ತೀನಿ."

"ನಿಮಗ್ಯಾಕೆ ತೊಂದ್ರೆ..."

"ತೊಂದ್ರೆ ಲೆಕ್ಕ ಆಮೇಲೆ ಮಾಡೋಣ. ಕೀ ಕೊಡಿ."

ಕೊಟ್ಟ. ಯಾರಿಗೂ ಕೀ ಕೊಡದವನು ಅವಳಿಗೆ ಕೊಟ್ಟ.

ಅವಳು ಅವನ ಗಾಡಿ ಹತ್ತಿದಳು. ಅವನ ಸೀಟು, ಅವನ ಕನ್ನಡಿ. ಮಡಿಸಿಟ್ಟ ಅವನ ಸ್ವೆಟರು. ಸೀಟನ್ನು ಮುಂದಕ್ಕೆ ಎಳೆದುಕೊಂಡಳು. ಕನ್ನಡಿಯಲ್ಲಿ ಬೆಂಚಿನ ಮೇಲೆ ಮಲಗಿದ ಅವನ ಕಾಲು ಕಾಣುತ್ತಿತ್ತು, ತಾತ ಅದರ ಮೇಲೆ ತನ್ನ ಕೋಟು ಹೊದಿಸುತ್ತಿದ್ದ. ಗುಬ್ಬಿ ಗುನುಗುತ್ತಾ ಹಿಂದಕ್ಕೆ ತಂದಳು. ಖಟ್ ಎಂದು ಸದ್ದಾಯಿತು, ಕೊಂಡಿ ಕೂತಿತೆಂದುಕೊಂಡಳು. ಇಳಿದು ಬ್ರೇಕಿನ ಗಾಳಿಯ ಪೈಪು ಸಿಕ್ಕಿಸಿ, ಹಿಡಿಕೆ ತಿರುಗಿಸಿ ಟ್ರೇಲರಿನ ಕಾಲುಗಳನ್ನು ಮೇಲೆತ್ತಿದಳು. ತೋಳು ನೋಯುತ್ತಿತ್ತು, ಆ ನೋವೂ ಹಿತವಾಗಿತ್ತು.

ಬಗ್ಗಿ ನೋಡುವುದು ಮರೆತಳು. ಎಳೆದು ನೋಡುವುದೂ ಮರೆತಳು.

ಅವನನ್ನು ಎಬ್ಬಿಸಿದಾಗ ಅವನು ಕಣ್ಣುಜ್ಜಿಕೊಂಡು ಬಂದು, ಎಂದಿನಂತೆ ಟಾರ್ಚು ಹಿಡಿದು ಚಕ್ರದ ಪಕ್ಕ ನಿಂತ.

"ಎಲ್ಲಾ ಆಯ್ತಾ?"

"ಆಯ್ತು. ಹೊರಡಿ."

ಅವನು ಬಗ್ಗಲು ಹೋದ. ಏನನ್ನಿಸಿತೋ, ಅವಳ ಮುಖ ನೋಡಿದ. ಟಾರ್ಚು ಆರಿಸಿ ಜೇಬಿಗಿಟ್ಟು, ಹತ್ತಿ ಕೂತ.

ಗೇಟಿನ ತಿರುವಿನಲ್ಲಿ ಟ್ರೇಲರ್ ಗಾಡಿಯಿಂದ ಜಾರಿತು.

ಲೋಡು ತುಂಬಿದ ಆ ಭಾರ ಮೂಗು ಮುಂದಾಗಿ ನೆಲಕ್ಕೆ ಬಿದ್ದ ಸದ್ದು ಹೇಗಿತ್ತೆಂದು ಹೇಳಲಾಗದು. ಗೇಟು ತೆಗೆಯಲು ಬಂದಿದ್ದ ತಾತ ಹಿಂದಕ್ಕೆ ಹಾರಿ, ಬಿದ್ದು, ಮೊಣಕಾಲು ತರಚಿಕೊಂಡ. ಇನ್ನೊಂದು ಹೆಜ್ಜೆ ಮುಂದಿದ್ದಿದ್ದರೆ ಅವನು ಅದರ ಕೆಳಗಿರುತ್ತಿದ್ದ.

ನಿಧಾನಪ್ಪ ತಾತನನ್ನು ಎತ್ತಿ ಬೆಂಚಿನಲ್ಲಿ ಕೂರಿಸಿ, ಸೀದಾ ಗುಬ್ಬಿಯ ಹತ್ತಿರ ಬಂದ. ಅವನ ಮುಖ ಬಿಳಿಚಿತ್ತು. ದನಿ ಮಾತ್ರ ಎಂದಿನಂತೆ ಇತ್ತು.

"ನೀವು ಹೊರಡಿ. ಹಿಂದಿನ ಗೇಟಿಂದ ಹೋಗಿ. ನಿಮ್ಮ ಲೋಡ್ ತಡವಾಗುತ್ತೆ."

"ಆದ್ರೆ ನಾನು..."

"ಹೊರಡಿ ಗುಬ್ಬಿಯವರೇ."

ಅವಳು ಹೊರಟಳು.

ಅದೇ ಅವಳನ್ನು ತಿಂದದ್ದು. ಮರೆತದ್ದಲ್ಲ, ಹೊರಟದ್ದು.

ಕೊಂಡಿ ಹಾಕಿದ್ದು ತಾನೇ, ಸರಿಯಾಗಿ ನೋಡಲಿಲ್ಲ ಎಂದು ಅವನು ಕಂಪನಿಗೆ ಹೇಳಿದ. ಅವನನ್ನು ರಸ್ತೆಯಿಂದ ಇಳಿಸಿ ಅವನೂರಿನ ಗೋದಾಮಿನಲ್ಲಿ ಪೆಟ್ಟಿಗೆ ಹೊರಲು ಹಾಕಿದರು. ಈ ಸುದ್ದಿ ಅವಳಿಗೆ ಬಂದದ್ದು ನಗುವಿನ ರೂಪದಲ್ಲಿ. ನಿಧಾನಪ್ಪನಿಗೂ ಅವಸರ ಬಂತಂತೆ ಎಂದು ಡಿಪೋದ ಡ್ರೈವರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ತುಟಿ ಅಗಲಿಸಿದಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು.

ಹೇಳಬಹುದಿತ್ತು. ನಾಳೆ ಹೇಳುತ್ತೇನೆ ಎಂದುಕೊಂಡಳು. ಆದರೆ ಆ ಡಿಪೋದಲ್ಲಿ ರಾತ್ರಿ ಗಾಡಿ ಓಡಿಸುವ ಹೆಂಗಸು ಅವಳೊಬ್ಬಳೇ. ಹೇಳಿದ ಮರುಕ್ಷಣ "ಹೆಂಗಸಿನ ಕೈಗೆ ಕೊಟ್ರೆ ಇನ್ನೇನಾಗುತ್ತೆ" ಎಂಬ ಮಾತು ಎದ್ದೇಳುತ್ತದೆ. ಅವಳನ್ನು ನಂಬಿ ಸೇರಿಸಿಕೊಂಡ ಡಿಪೋ ಮ್ಯಾನೇಜರ್ ತಲೆ ತಗ್ಗಿಸಬೇಕಾಗುತ್ತದೆ. ಸ್ಟೇರಿಂಗ್ ಹೋಗುತ್ತದೆ. ಸ್ಟೇರಿಂಗ್ ಬಿಟ್ಟರೆ ಅವಳಿಗೆ ಇನ್ನೇನಿದೆ?

ಫೋನು ಮಾಡಿದಳು. ಅವನು ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ.

ಸಿಟ್ಟಿರಬೇಕು... ಇರಲೇಬೇಕಲ್ಲ. ನನ್ನ ದನಿ ಕೇಳಿದರೇ ಅಸಹ್ಯವಾಗುತ್ತಿರಬೇಕು.

ಅವನ ಜಾಗಕ್ಕೆ ಬಂದ ಹೊಸ ಡ್ರೈವರು ಟ್ರೇಲರಿನ ಕಾಲುಗಳನ್ನು ಮನಸ್ಸಿಗೆ ಬಂದ ಎತ್ತರಕ್ಕೆ ಬಿಟ್ಟುಹೋಗುತ್ತಿದ್ದ. ಪ್ರತಿ ರಾತ್ರಿ ಅವಳು ಹಿಡಿಕೆ ತಿರುಗಿಸಿದಳು. ಸರಿಯಾದ ಶಿಕ್ಷೆ ಎಂದು ಹಲ್ಲು ಕಚ್ಚಿ ತಿರುಗಿಸಿದಳು. ಈಗ ಹತ್ತು ಸಲ ಬಗ್ಗಿ ನೋಡುತ್ತಿದ್ದಳು, ಹತ್ತು ಸಲ ಎಳೆದು ನೋಡುತ್ತಿದ್ದಳು. ತಾತ ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಕುಂಟುತ್ತಾ ಬಂದು ಚಹಾ ಕೊಡುತ್ತಿದ್ದ. ಒಂದು ಮಾತೂ ಕೇಳುತ್ತಿರಲಿಲ್ಲ. ಅವಳು ಆ ಚಹಾವನ್ನು ಅರ್ಧಕ್ಕೇ ಬಿಟ್ಟು ಗಾಡಿ ಹತ್ತುತ್ತಿದ್ದಳು.

ಮನೆಯಲ್ಲಿ ಅವಳೂ ಅಕ್ಕನೂ ಇಬ್ಬರೇ. ಅಕ್ಕ ಹೊಲಿಗೆಯವಳು. ತಂಗಿ ಬೆಳಗ್ಗೆ ಬಂದು ಮಲಗಿದರೆ ಮಿಷನ್ನಿನ ಸದ್ದಾಗಬಾರದೆಂದು ಆಗ ಕೈಹೊಲಿಗೆಯನ್ನಷ್ಟೇ ಮಾಡುತ್ತಿದ್ದಳು. ಕೆಲವು ದಿನಗಳಿಂದ ತಂಗಿ ಹಾಸಿಗೆಯಲ್ಲಿ ಹೊರಳಾಡುವುದನ್ನು ಬಾಗಿಲ ಸಂದಿಯಿಂದ ನೋಡುತ್ತಲೇ ಇದ್ದಳು.

ಒಂದು ಬೆಳಗ್ಗೆ ಗುಂಡಿ ಹೊಲಿಯುತ್ತಾ ಅಕ್ಕ ಸುಮ್ಮನೆ ಮಾತಿಗೆಂಬಂತೆ, ಡಿಪೋದವರು ಆಡಿಕೊಳ್ಳುತ್ತಿದ್ದಾರಲ್ಲ, ಯಾರ್ಡಿನಲ್ಲಿ ಬಿದ್ದ ಆ ಟ್ರೇಲರಿನ ಕಥೆ ಏನಾಯಿತು, ಯಾರ ತಪ್ಪಂತೆ ಎಂದು ಕೇಳಿದಳು.

"ನನ್ನನ್ಯಾಕೆ ಕೇಳ್ತೀಯ? ನಾನೇನು ಮಾಡ್ದೆ?"

ಅಕ್ಕ ಸೂಜಿ ನಿಲ್ಲಿಸಿದಳು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡಂತೆ. ಏನೇ ಅದು?"

ಗುಬ್ಬಿ ಕುಸಿದು ಕೂತಳು. ಎಲ್ಲ ಹೇಳಿದಳು. ಕೀ ಕೊಟ್ಟದ್ದು, ಗುನುಗಿದ್ದು, ಟಾರ್ಚು ಆರಿದ್ದು, ತಾತನ ಮೊಣಕಾಲು, ಹಿಂದಿನ ಗೇಟು. ಅಕ್ಕ ಬೈಯುತ್ತಾಳೆಂದು ಕಾದಳು. ಅಕ್ಕ ಬೈಯಲಿಲ್ಲ.

"ಅವನು ನಿನ್ನನ್ನ ಉಳಿಸಿದ ಅಂತ ಅಂದ್ಕೊಂಡಿದೀಯ. ಉಳಿದಿದೀಯಾ? ಕನ್ನಡೀಲಿ ಮುಖ ನೋಡ್ಕೋ ಹೋಗು."

"ಕೆಲಸ ಹೋಗುತ್ತಕ್ಕ."

"ಹೋಗ್ಲಿ. ನನ್ನ ಮಿಷನ್ ಇದೆ. ನೀನು ನಿದ್ದೆ ಮಾಡೋದು ನೋಡಿ ಎಷ್ಟು ದಿನ ಆಯ್ತು."

ಆ ದಿನ ಗುಬ್ಬಿ ಮಲಗಲಿಲ್ಲ. ತಲೆಗೆ ನೀರು ಹಾಕಿಕೊಂಡು ಸೀದಾ ಡಿಪೋಗೆ ಹೋದಳು.

ಮ್ಯಾನೇಜರ್ ಕನ್ನಡಕ ತೆಗೆದು ಕೇಳಿಸಿಕೊಂಡರು. ಅವಳು ತನ್ನ ತಪ್ಪಿನಲ್ಲಿ ಏನನ್ನೂ ಮುಚ್ಚಿಡಲಿಲ್ಲ. ನಿದ್ದೆಗೆಟ್ಟವನಿಗೆ ಸಹಾಯ ಮಾಡಲು ಹೋಗಿ ಆದದ್ದು ಎಂದು ಹೇಳಿದರೆ ಅದು ತಪ್ಪಿಗೆ ಬಣ್ಣ ಬಳಿದಂತೆ ಎಂದು ಆ ಮಾತನ್ನು ಬಾಯಿಗೆ ತರಲಿಲ್ಲ. ಅವರು ಕನ್ನಡಕ ಮತ್ತೆ ಹಾಕಿಕೊಂಡು ಕೇಳಿದರು.

"ಆ ತಾತನಿಗೆ ಏನಾದ್ರೂ ಆಗಿದ್ರೆ, ಅವನ ಮನೆಯವರಿಗೆ ನೀನು ಏನು ಹೇಳ್ತಿದ್ದೆ ತಾಯಿ?"

ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಕೊನೆಗೆ ಅವರು ತೀರ್ಮಾನ ಹೇಳಿದರು. ಉಪ್ಪು ತಿಂದವರು ನೀರು ಕುಡಿಯಲೇಬೇಕು. ಸದ್ಯಕ್ಕೆ ಅವಳು ಗಾಡಿ ಮುಟ್ಟುವಂತಿಲ್ಲ. ಡಿಪೋದ ಒಳಗೆ ಕೆಲಸ ಮಾಡಲಿ, ಮೊದಲಿನಿಂದ ತರಬೇತಿ ಆಗಲಿ, ಆಮೇಲೆ ನೋಡೋಣ. ಅವನ ವಿಷಯವನ್ನು ಅವನೂರಿನ ಡಿಪೋಗೆ ತಾವೇ ತಿಳಿಸುವುದಾಗಿ ಹೇಳಿದರು. ಅವನೂ ಎಳೆದು ನೋಡಬೇಕಿತ್ತು, ಆ ತಪ್ಪು ಅವನದೇ. ಆದರೆ ಸುಳ್ಳು ಹೇಳಿ ಪೂರ್ತಿ ಹೊತ್ತದ್ದು ಯಾಕೆ ಎಂದು ಅವರಿಗೆ ಅರ್ಥವಾಗಲಿಲ್ಲವಂತೆ.

ಅವಳು ಎದ್ದಾಗ ಅವರು ತಾವೇ ಬಾಗಿಲು ತೆಗೆದು ಹಿಡಿದರು. "ಹೇಳಿದ್ದು ಒಳ್ಳೇದಾಯ್ತು," ಎಂದರು, ಬಹಳ ಮೆತ್ತಗೆ. ಅಷ್ಟು ಹೊತ್ತು ತಡೆದಿದ್ದ ಕಣ್ಣೀರು ಆಗ ಬಂತು.

ಮಾರನೆಯ ಬೆಳಗ್ಗೆ ಅವಳು ಬಸ್ಸು ಹತ್ತಿದಳು.

ಹಗಲಿನಲ್ಲಿ ಆ ರಸ್ತೆ ಬೇರೆಯೇ ಆಗಿತ್ತು. ರಾತ್ರಿ ಬರೀ ಕಪ್ಪಾಗಿ ಕಾಣುತ್ತಿದ್ದ ಕಡೆ ಕೆರೆಯಿತ್ತು, ಶಾಲೆಯಿತ್ತು, ಬಟ್ಟೆ ಒಣಹಾಕಿದ ಮನೆಗಳಿದ್ದವು. ನಡುದಾರಿಯ ಯಾರ್ಡು ಬಂತು, ಹೋಯಿತು. ಬಸ್ಸು ನಿಲ್ಲಲೂ ಇಲ್ಲ. ಅಲ್ಲಿಂದ ಮುಂದೆ ಪ್ರತಿಯೊಂದು ತಿರುವೂ ಅವಳಿಗೆ ಹೊಸದು. ಒಂದು ಉದ್ದನೆಯ ಏರು, ಅದರ ನೆತ್ತಿಯಲ್ಲಿ ಒಂಟಿ ಪೆಟ್ರೋಲ್ ಬಂಕು, ಆಮೇಲೆ ಕಡಿದಾದ ಇಳಿಜಾರು. ನಿದ್ದೆಯಿಲ್ಲದವನು ಈ ಇಳಿಜಾರಿನಲ್ಲಿ ಆ ಟ್ರೇಲರ್ ಎಳೆದುಕೊಂಡು ಬಂದಿದ್ದರೆ... ಗೇಟಿನಲ್ಲೇ ಕಳಚಿದ್ದು ಪುಣ್ಯ. ಅವಳು ಕಿಟಕಿಯ ಸರಳು ಹಿಡಿದುಕೊಂಡಳು.

ಇಳಿದು ಹಿಂತಿರುಗಿಬಿಡಲೇ? ಅವನು ಎಲ್ಲರ ಮುಂದೆ ಮುಖ ತಿರುಗಿಸಿದರೆ? ತಿರುಗಿಸಲಿ. ಆ ಹಕ್ಕು ಅವನಿಗಿದೆ. ಕ್ಷಮಿಸು ಎಂದು ಕೇಳಬಾರದು, ಹೇಳಿ ಬಂದುಬಿಡಬೇಕು ಎಂದು ಮನಸ್ಸಿಗೆ ನೂರು ಸಲ ಬುದ್ಧಿ ಹೇಳಿದಳು.

ಅವನೂರಿನ ಗೋದಾಮು ದೊಡ್ಡದು. ಕಾಯುವವರು ಒಳಗೆ ಬಿಡಲಿಲ್ಲ. ಬಾಗಿಲ ಬಳಿ ಪೆಟ್ಟಿಗೆ ಇಳಿಸುತ್ತಿದ್ದವನೊಬ್ಬ ಅವಳನ್ನು ನೋಡಿ ಒಳಗೆ ಕೂಗು ಹಾಕಿದ.

"ನಿಧಾನಪ್ಪಾ, ಯಾರೋ ಹುಡುಕ್ಕೊಂಡು ಬಂದಿದಾರೆ. ಈಗಲಾದ್ರೂ ಸ್ವಲ್ಪ ಬೇಗ ಬಾರಪ್ಪ."

ಅವನು ಬಂದ. ಹಗಲಿನ ಬೆಳಕಿನಲ್ಲಿ ಅವಳು ಅವನನ್ನು ನೋಡುತ್ತಿದ್ದುದು ಅದೇ ಮೊದಲು. ಕಿವಿಯ ಪಕ್ಕದ ಕೂದಲು ನರೆತಿತ್ತು. ಕಣ್ಣು ಕಪ್ಪು ಎಂದುಕೊಂಡಿದ್ದಳು, ಕಂದು ಬಣ್ಣದವು. ಅವನೂ ನೋಡುತ್ತಾ ನಿಂತ.

"ಬೆಳಗ್ಗೆ ಕರೆದು ಹೇಳಿದ್ರು," ಎಂದ. "ಯಾಕೆ ಹಾಗೆ ಮಾಡಿದ್ರಿ?"

ಕ್ಷಮೆ ಕೇಳಲು ಬಂದವಳಿಗೆ ಎಲ್ಲಿತ್ತೋ ಸಿಟ್ಟು, ಉಕ್ಕಿತು.

"ನೀವು ಯಾಕೆ ಹಾಗೆ ಮಾಡಿದ್ರಿ? ನನ್ನ ತಪ್ಪನ್ನ ನನ್ನ ಕೇಳ್ದೆ ಎತ್ಕೊಂಡು ಹೋದ್ರಿ. ಹೊರಡಿ ಅಂದ್ರಿ. ನಾನೂ ಹೊರಟೆ, ನಾಚಿಕೆಗೆಟ್ಟವಳ ಹಾಗೆ. ಫೋನೂ ಎತ್ತಲಿಲ್ಲ. ಬೈದಿದ್ರೂ ಆಗ್ತಿತ್ತು."

ಅವನು ತಲೆ ತಗ್ಗಿಸಿದ. ಗೋಡೆಯ ಪಕ್ಕದ ನೆರಳಿನಲ್ಲಿ ಒಂದು ಮರದ ಪೆಟ್ಟಿಗೆ ಬೋರಲು ಹಾಕಿ, ಅದರ ಧೂಳನ್ನು ಕೈಯಿಂದ ಒರೆಸಿ, ಕೂರುವಂತೆ ಸನ್ನೆ ಮಾಡಿದ. ತಾನು ನಿಂತೇ ಇದ್ದ.

"ಎತ್ತಿದ್ರೆ ನೀವು ಹೇಳಿಬಿಡ್ತೀನಿ ಅಂತಿದ್ರಿ. ಬೇಡ ಅನ್ನೋಕೆ ನನಗೆ ಬಾಯಿ ಬರ್ತಿರಲಿಲ್ಲ. ಏನೋ ದೊಡ್ಡ ಉಪಕಾರ ಮಾಡ್ತಿದೀನಿ ಅಂದ್ಕೊಂಡಿದ್ದೆ." ಸ್ವಲ್ಪ ತಡೆದ. "ಇಲ್ಲಿ ಪೆಟ್ಟಿಗೆ ಹೊರೋದು ಹಗುರ. ನಿಮಗೆ ನಾನು ಹೊರಿಸಿದ್ದು ಹಗುರ ಅಲ್ಲ ಅಂತ ಆಮೇಲೆ ಗೊತ್ತಾಯ್ತು. ಅಷ್ಟು ಹೊತ್ತಿಗೆ ಫೋನ್ ಮಾಡೋಕೂ ನಾಚಿಕೆ."

"ಆ ರಾತ್ರಿ ಟಾರ್ಚ್ ಯಾಕೆ ಆರಿಸಿದ್ರಿ?"

ಈ ಪ್ರಶ್ನೆ ಬರುತ್ತದೆಂದು ಅವನಿಗೆ ಗೊತ್ತಿತ್ತೇನೋ.

"ನೀವು ಎದುರಿಗೇ ನಿಂತಿದ್ರಿ. ಕೈಗೆಲ್ಲ ಗ್ರೀಸು. ಅಷ್ಟು ಖುಷಿಯಾಗಿದ್ರಿ. ಬಗ್ಗಿ ನೋಡಿದ್ರೆ, ಎಳೆದು ನೋಡಿದ್ರೆ, ನಿಮ್ಮನ್ನ ನಂಬಲಿಲ್ಲ ಅಂತ ಆಗಿಬಿಡುತ್ತೆ ಅನ್ನಿಸ್ತು. ಹುಚ್ಚು. ತಾತನ ಜೀವಕ್ಕಿಂತ ಅದು ದೊಡ್ಡದಾಗಿಬಿಟ್ಟಿತ್ತು ನನಗೆ. ಅದು ನನ್ನ ತಪ್ಪು ಗುಬ್ಬಿಯವರೇ. ಅದನ್ನ ನೀವು ಎತ್ಕೊಂಡು ಹೋಗಬೇಡಿ."

ಗೋದಾಮಿನೊಳಗೆ ಪೆಟ್ಟಿಗೆಗಳು ಸದ್ದು ಮಾಡುತ್ತಿದ್ದವು.

"ನಾನು ಯಾಕೆ ಮರೆತೆ ಗೊತ್ತಾ?" ಎಂದಳು ಕೊನೆಗೆ, ನೆಲ ನೋಡುತ್ತಾ. "ನೀವು ಮಲಗಿದ್ರಿ. ನಾನು ನಿಮ್ಮ ಸೀಟಲ್ಲಿ ಕೂತು ನಿಮ್ಮ ಕೆಲಸ ಮಾಡ್ತಿದ್ದೆ. ಒಂದೇ ಮನೆಯವರ ಹಾಗೆ. ಸಂಸಾರ ಅಂದ್ರೆ ಇದೇ ಇರ್ಬೇಕು ಅನ್ನಿಸ್ತು. ಅಷ್ಟರಲ್ಲಿ ಎಲ್ಲಾ ಮರೆತೇಹೋಯ್ತು."

ಅವಳ ದನಿ ಒಡೆಯಿತು. "ಅಷ್ಟು ಒಳ್ಳೆ ಗಳಿಗೇಲಿ ಅಷ್ಟು ಕೆಟ್ಟದ್ದು ಮಾಡ್ದೆ. ಇನ್ನು ಖುಷಿ ಆದ್ರೂ ಭಯ ಆಗುತ್ತೆ ನನಗೆ."

ಅವನು ಅವಳ ಎದುರು ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತ. ಕೈ ಹಿಡಿಯಲಿಲ್ಲ. ಅವಳ ಚಪ್ಪಲಿಗೆ ಅಂಟಿದ್ದ ಒಣಹುಲ್ಲಿನ ಎಸಳೊಂದನ್ನು ಬಿಡಿಸಿ ಪಕ್ಕಕ್ಕೆ ಹಾಕಿದ.

"ತಾತನ್ನ ನೋಡೋಕೆ ಇಬ್ಬರೂ ಹೋಗೋಣ," ಎಂದ. "ಅವರಿಗೆ ಹೇಳೋದು ಬಾಕಿ ಇದೆ, ನಿಮಗೂ ನನಗೂ."

ಅವಳು ತಲೆಯಾಡಿಸಿದಳು.

"ಆಮೇಲೆ ಅಮ್ಮನ್ನ ನೋಡ್ಬೇಕು ನೀವು. ಮನೆಗೆ ಬಂದಿದಾಳೆ. ಫೋನಲ್ಲಿ ಹೆಸರು ನೋಡಿ, ಗುಬ್ಬಿ ಅಂದ್ರೆ ಯಾರು ಅಂತ ದಿನಾ ಕೇಳ್ತಾಳೆ."

"ಏನಂತ ಹೇಳ್ತೀರಿ?"

"ಹೇಳಿಲ್ಲ ಇನ್ನೂ. ನಿಮ್ಮನ್ನ ಕೇಳಿ ಹೇಳೋಣ ಅಂತ." ಅವನ ಕಿವಿ ಕೆಂಪಾಗಿತ್ತು. "ಕೇಳ್ದೆ ಏನೂ ಮಾಡ್ಬಾರ್ದು ಅಂತ ಈಗಷ್ಟೇ ಬೈಸ್ಕೊಂಡೆನಲ್ಲ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಎಷ್ಟು ದಿನಗಳಾಗಿದ್ದವೋ, ತನ್ನ ನಗು ತನಗೇ ಹೊಸದಾಗಿ ಕೇಳಿಸಿತು.

"ಹೇಳಿ," ಎಂದಳು. "ನಾನು ಮಾಡಿದ್ದನ್ನೂ ಸೇರಿಸಿ ಹೇಳಿ."

"ಸರಿ. ಒಂದು ಮಾತು. ಮುಂದೆ ನೀವು ಕಟ್ಟಿಕೊಟ್ಟದ್ದನ್ನೆಲ್ಲ ನಾನು ಎಳೆದು ನೋಡ್ತೀನಿ. ಬೇಜಾರು ಮಾಡ್ಕೋಬಾರ್ದು."

"ಎಳೆದು ನೋಡದೆ ಹೊರಟ್ರೆ ಬೇಜಾರು ಮಾಡ್ಕೋತೀನಿ."

ಒಳಗೆ ಊಟದ ಗಂಟೆ ಹೊಡೆಯಿತು. ಕೆಲಸಗಾರರು ಕೈ ಒರೆಸಿಕೊಳ್ಳುತ್ತಾ ಹೊರಬಂದರು. ಇವರಿಬ್ಬರನ್ನೂ ಕಂಡವರು ಬೇಕೆಂದೇ ಆಚೆ ಬದಿಯ ನೆರಳಿಗೆ ಹೋದರು. ಅವಳು ಎದ್ದಳು, ಸಂಜೆಯ ಬಸ್ಸಿಗೆ ಹೊತ್ತಿದೆ, ತಾನು ಹೊರಗೆ ಕಾಯುವುದಾಗಿ ಹೇಳಿದಳು. ಅವನು ಕೇಳಿಸಿಕೊಳ್ಳಲಿಲ್ಲ. ಒಳಗೆ ಹೋಗಿ ಕೈ ತೊಳೆದು ಬಂದ.

ಅವನ ಕೈಯಲ್ಲಿ ಊಟದ ಡಬ್ಬಿಯಿತ್ತು. ಮುಚ್ಚಳ ತೆಗೆದು, ಒಂದಿಷ್ಟನ್ನು ಆ ಮುಚ್ಚಳಕ್ಕೆ ತನಗೆಂದು ಹಾಕಿಕೊಂಡು, ಉಳಿದ ಡಬ್ಬಿಯನ್ನು ಅವಳ ಕೈಗೆ ಕೊಟ್ಟ.